ಇಲ್ಲದಿದ್ದರೂ

ಮತ್ರಾದ ಓಣಿಗಳ ಬಾಯಿಗೆ ಸಿಮೆಂಟಿನ ದಿಮ್ಮಿಗಳನ್ನಿಟ್ಟ ವಾರ
ನನ್ನ ಮೇಜಿಗೊಂದು ಪಟ್ಟಿ ಬಂತು.
ಹೆಸರು, ಕಾರ್ಡಿನ ನಂಬರು, ಕಾಯಿಲೆ, ಫೋನು.
ಸಕ್ಕರೆಯವರು, ಬಿಪಿಯವರು, ಉಬ್ಬಸದವರು,
ವಾರಕ್ಕೆ ಮೂರು ಸಲ ರಕ್ತ ತೊಳೆಸಿಕೊಳ್ಳುವವರು.
ಜೊತೆಗೆ ಸುತ್ತೋಲೆ: ಇವರು ಹೊರಗೆ ಬರಬಾರದು,
ಮದ್ದೇ ಇವರ ಬಾಗಿಲಿಗೆ ಹೋಗಬೇಕು,
ಒಂದು ತಿಂಗಳಿಗಲ್ಲ, ಮೂರು ತಿಂಗಳಿಗೆ ಸಾಕಾಗುವಷ್ಟು,
ಚಾಲ್ತಿಯಲ್ಲಿರುವ ಕಾರ್ಡ್ ಇದ್ದರೆ.

ಸುಳ್ಳೇಕೆ, ಸರಕಾರಿ ಕಾಗದ ಓದಿ ಎದೆ ಹಗುರಾದದ್ದು
ನನಗೆ ಅದೇ ಮೊದಲು.
ಕೊನೆಯ ಆ ಪದ ಅವತ್ತು ಕಣ್ಣಿಗೆ ಬೀಳಲಿಲ್ಲ.

ದಿನವಿಡೀ ಫೋನು. ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಮುರುಕು ಅರಬಿಯಲ್ಲಿ.
'ನಾನು ಜೆಸಿಂತಾ, ಆರೋಗ್ಯ ಕೇಂದ್ರದ ಔಷಧ ವಿಭಾಗ.
ಇಲ್ಲ ಮಾರಾಯ್ರೆ, ಹಿಡಿದುಕೊಂಡು ಹೋಗಲಿಕ್ಕೆ ಅಲ್ಲ.
ಮಾತ್ರೆ ಕೊಡಲಿಕ್ಕೆ.'
ಆ ಕಡೆಯಿಂದ ಒಂದು ಉಸಿರು,
ಆಮೇಲೆ ಯಾವಾಗಲೂ ಅದೇ ಪ್ರಶ್ನೆ: 'ದುಡ್ಡೆಷ್ಟು?'

ಇದ್ದಿನಬ್ಬ ಪಟ್ಟಿಯಲ್ಲಿರಲಿಲ್ಲ.
ದಿಮ್ಮಿಯ ಆಚೆ ನಿಂತು ನಮ್ಮ ವ್ಯಾನಿಗೆ ಕೈ ಮಾಡಿದ.
ಮೀನುಕಟ್ಟೆಯಲ್ಲಿ ಐಸು ಒಡೆಯುವ ಕೆಲಸ,
ಹತ್ತು ಜನರ ಕೋಣೆ, ಫ್ರಿಜ್ ಇಲ್ಲ.
ಇನ್ಸುಲಿನ್ ಇಡುತ್ತಿದ್ದದ್ದು ಎದುರಿನ ಅಂಗಡಿಯಲ್ಲಿ,
ಮಜ್ಜಿಗೆ ಬಾಟಲಿಗಳ ಹಿಂದೆ.
ಅಂಗಡಿಗೆ ಬೀಗ ಬಿದ್ದಿದೆ, ಇನ್ಸುಲಿನ್ ಒಳಗಿದೆ.
ಕಾರ್ಡಿನ ಅವಧಿ ಮುಗಿದು ಎಪ್ಪತ್ತು ದಿನ.
'ನನ್ನ ಕಾರ್ಡು ಮುಗಿದದ್ದು
ಈ ಸಕ್ಕರೆಗೆ ಗೊತ್ತಿಲ್ಲವಲ್ಲ ಅಕ್ಕ' ಅಂದ, ನಗುತ್ತಲೇ.
ತುಟಿ ಒಡೆದಿತ್ತು. ನಾನು ನೋಡುತ್ತಿದ್ದ ಹಾಗೇ
ದೊಡ್ಡ ಬಾಟಲಿಯ ನೀರನ್ನು ಒಂದೇ ಸಲಕ್ಕೆ ಮುಗಿಸಿದ.

ರಾತ್ರಿ ಮಗಳ ಕಾಪಿ ಪುಸ್ತಕದಲ್ಲಿ
ಇನ್ನೊಂದು ಪಟ್ಟಿ ಶುರು ಮಾಡಿದೆ, ನಂಬರುಗಳಿಲ್ಲದ್ದು.
ನೀಲಿ ಬಾಗಿಲಿನ ಇಸ್ತ್ರಿಯವನು.
ಹಡಗಿನಿಂದ ಇಳಿದು ಮತ್ತೆ ಹತ್ತದ ಮುದುಕ.
ಮನೆಗೆಲಸ ಬಿಟ್ಟು ಓಡಿಬಂದವಳು, ಹೆಸರು ಹೇಳಲಿಲ್ಲ, ಥೈರಾಯ್ಡ್.
ಪುಟ್ಟಯ್ಯ ಸೇರಿಗಾರ, ಟೈಲರು, ಎರಡೂ ಕಿಡ್ನಿ.

ಡಾಕ್ಟರ್ ಬುಸೈನಾ ಪುಟ ಪುಟವೂ ತಿರುವಿದಳು.
ಬೈಯಲಿಲ್ಲ. 'ಸಚಿವಾಲಯದವರು ಕಾಪಿ ಪುಸ್ತಕ ಓದುವುದಿಲ್ಲ,
ಟೇಬಲ್ ಬೇಕು' ಅಂದಳು.
ಇಬ್ಬರೂ ಕೂತು ಮಾಡಿದೆವು, ಬೆಳಗಿನ ಬಾಂಗಿನವರೆಗೆ.

ಕನ್ನಡದಲ್ಲಾದರೆ ಎಷ್ಟು ಸುಲಭ.
'ಇದ್ದರೆ' ಹೊಡೆದುಹಾಕಿ 'ಇಲ್ಲದಿದ್ದರೂ' ಎಂದು ಬರೆದರಾಯಿತು.
ಕೊನೆಯಲ್ಲೊಂದು ಕೊಂಬು, ಕೊಂಬಿಗೊಂದು ಇಳಿ,
ತುಟಿ ಒಂದಿಷ್ಟು ಮುಂದೆ ಬಂದರೆ ಮುಗಿಯಿತು.
ಆದೇಶದ ಮೇಲೆ ಆ ಕೊಂಬು ಮೂಡಲು
ಹನ್ನೊಂದು ದಿನ ಹಿಡಿಯಿತು.
ಆ ಹನ್ನೊಂದು ದಿನ ನನ್ನ ಕೋಟಿನ ಜೇಬಿನ ಲೆಕ್ಕ
ಯಾರೂ ಕೇಳಬಾರದು.

ಹನ್ನೆರಡನೆಯ ದಿನ ಐಸ್ ಪೆಟ್ಟಿಗೆ ಹೊತ್ತು ಓಣಿಯೊಳಗೆ ಹೋದೆವು.
ಇದ್ದಿನಬ್ಬ ಮುಚ್ಚಳ ತೆಗೆದು
ಮದ್ದನ್ನಲ್ಲ, ಮೊದಲು ಐಸನ್ನು ಮುಟ್ಟಿ ನೋಡಿದ.
'ಸಂಜೆವರೆಗೆ ಬರ್ತದೆ' ಅಂದ, ಕಸುಬಿನವನ ಗತ್ತಿನಲ್ಲಿ.

ಮೂರನೇ ಮಹಡಿಯಲ್ಲಿ, ಹೊಲಿಗೆ ಯಂತ್ರದ ಕುತ್ತಿಗೆಗೆ
ಪುಟ್ಟಯ್ಯನ ಅಳತೆಪಟ್ಟಿ.
ಕೋಣೆಯವರು ಅಂದರು: ಮೊನ್ನೆ.
ಅವನ ಹೆಸರಿನ ಎದುರು ಬರೆಯಬೇಕಾದದ್ದಕ್ಕೆ
ನಾವು ಮಾಡಿದ ಟೇಬಲಿನಲ್ಲಿ ಜಾಗ ಇರಲಿಲ್ಲ.

ಆದೇಶದ ಪ್ರತಿ ಈಗಲೂ ನನ್ನ ಬಳಿ ಇದೆ.
ಅರಬಿ ಪೂರ್ತಿ ಓದಲು ಬರುವುದಿಲ್ಲ.
ಆ 'ಊ' ಎಲ್ಲಿದೆಯೆಂದು ಬುಸೈನಾ
ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದಾಳೆ.