ಬಿತ್ತಿದವಳೇ ಗುಡಿಸಬೇಕು

ಜನವರಿಯ ನಾಲ್ಕು ಗಂಟೆ. ಬೆಳಗೋ ರಾತ್ರಿಯೋ ಹೇಳಲಾಗದ ಹೊತ್ತು.
ಲಾರಿಯ ಹಿಂದೆ ಕೂರಿಗೆ ಕಟ್ಟಿಕೊಂಡವಳಂತೆ
ಟಾಂಪೆರೆಯ ಏರುಬೀದಿಗಳಿಗೆ ಕಲ್ಲು ಬಿತ್ತುತ್ತೇನೆ.
ಕಡಲೆಬೇಳೆಯ ಗಾತ್ರ, ಕಪ್ಪು, ಒಡೆದ ಅಂಚು.
ಮಂಜುಗಡ್ಡೆಯ ಮೇಲೆ ಅದು ಉದುರುವ ಸದ್ದು
ಮೊರದಲ್ಲಿ ಕಾಳು ಕೇರಿದ ಹಾಗೆ.

ಆಗ ಎಲ್ಲರಿಗೂ ನಾನು ಬೇಕು.
ಪಿಸ್ಪಾಲಾ ದಿಣ್ಣೆಯ ಔನೆ ಅಜ್ಜಿ
ಕಿಟಕಿಯಿಂದಲೇ ಕೈಯೆತ್ತುತ್ತಾಳೆ.
ಹೋದ ವರ್ಷ ಸೊಂಟ ಮುರಿದುಕೊಂಡವಳು,
ಈಗ ನಾನು ಎರಚಿದ್ದರ ಮೇಲೆ ಕಾಲೂರಿ
ಕರಕರ ಅನ್ನಿಸುತ್ತ ಹಾಲಿಗೆ ಹೋಗುತ್ತಾಳೆ, ಬರುತ್ತಾಳೆ.
ಒಮ್ಮೆ ಬಿಸಿ ಬನ್ನು ಕೊಟ್ಟಳು, ಏಲಕ್ಕಿ ಹಾಕಿದ್ದು.
ಕೈಗವಸು ಬಿಚ್ಚದೆ ತಿಂದೆ.

ಆಮೇಲೆ ಕಾರುಗಳು.
ಚಳಿಗಾಲದ ಟೈರಿಗೆ ಉಕ್ಕಿನ ಮೊಳೆ.
ಮೂರು ತಿಂಗಳು ಬೀಸುತ್ತವೆ
ನನ್ನ ಕಲ್ಲನ್ನೂ, ಕಲ್ಲಿನಡಿಯ ಡಾಂಬರನ್ನೂ.
ಹಿಟ್ಟು ಹಿಮದೊಳಗೆ ಅಡಗಿ ಕೂತಿರುತ್ತದೆ,
ಯಾರ ಲೆಕ್ಕಕ್ಕೂ ಸಿಗದೆ.

ಏಪ್ರಿಲಿನಲ್ಲಿ ಹಿಮ ಇಳಿಯುತ್ತದೆ.
ಕಾದು ಕಾದು ಕಂಡ ಬಿಸಿಲಿಗೆ ಊರಿಗೆ ಊರೇ ಹೊರಬಂದು
ಮುಖ ಮೇಲೆತ್ತಿ ಕಣ್ಣು ಮುಚ್ಚಿ ಕೂರುತ್ತದೆ.
ಬಸ್ಸೊಂದು ಹಾದುಹೋಗುತ್ತದೆ.
ಜನವರಿ ಎದ್ದು ನಿಲ್ಲುತ್ತದೆ, ಆಳೆತ್ತರ, ಮಾಸಲು ಹಳದಿ.

ಕಣ್ಣಿಗೆ ಮಣ್ಣೆರಚುವುದು
ಉಳಿದವರಿಗೆ ಬರೀ ಮಾತು.
ನನಗದು ಸಂಬಳ.

ಈಗ ಅದೇ ಲಾರಿಗೆ ಕೂರಿಗೆ ಬಿಚ್ಚಿ ಪೊರಕೆ ಕಟ್ಟಿದ್ದಾರೆ,
ಉರುಳುವ ಪೊರಕೆ, ನನ್ನ ಎದೆಮಟ್ಟ.
ನೀರು ಬಿಟ್ಟೇ ಗುಡಿಸಬೇಕು, ನಿಯಮ.
ಆದರೆ ರಾತ್ರಿ ಇನ್ನೂ ಸೊನ್ನೆಯ ಕೆಳಗೆ ಮೂರು;
ಬಿಟ್ಟ ನೀರು ಬೆಳಗಾಗುವುದರೊಳಗೆ ಗಾಜು.
ಗಾಜಾದರೆ ಔನೆ ಅಜ್ಜಿಯ ಸೊಂಟ.
ಬಿಡದಿದ್ದರೆ ಇಲ್ಮಾಳ ಎದೆ.

ಇಲ್ಮಾ ಔನೆಯ ಕೆಳಗಿನ ಮನೆಯ ಹುಡುಗಿ, ಏಳು ವರ್ಷ.
ನಮ್ಮ ಮಾತಲ್ಲಿ ಇಲ್ಮಾ ಅಂದರೆ ಗಾಳಿ.
ಮುತ್ತಜ್ಜಿಯ ಹೆಸರಂತೆ, ಯಾರೂ ಯೋಚಿಸಿ ಇಟ್ಟದ್ದಲ್ಲ.
ನೀಲಿ ಪಂಪೊಂದು ಅವಳ ಕೋಟಿನ ಜೇಬಲ್ಲಿ
ಬೀಗದ ಕೈಗೆ ತಾಗಿ ಟಕಟಕ ಅನ್ನುತ್ತದೆ.
ನಿನ್ನೆ ಗಾಡಿಯ ಪಕ್ಕ ನಿಂತು ಕೇಳಿದಳು,
ಈ ಧೂಳೆಲ್ಲ ಎಲ್ಲಿಂದ ಬಂತು?
ಮರುಭೂಮಿಯಿಂದ ಅನ್ನಬಹುದಿತ್ತು, ಕೆಲವು ವರ್ಷ ಅದೂ ಬರುತ್ತದಂತೆ.
ಕಾರ್ಖಾನೆ ಅನ್ನಬಹುದಿತ್ತು,
ಹೊಗೆ ಉಗುಳುವ ಕೊಳವೆಗೆ ಬೆರಳು ಮಾಡುವುದು ಸುಲಭ.
ನನ್ನಿಂದ, ಅಂದೆ.
ಅವಳು ನಕ್ಕಳು. ನಕ್ಕದ್ದು ಕೆಮ್ಮಾಯಿತು.
ಕೆಮ್ಮು ಮುಗಿಯುವ ತನಕ ಎಂಜಿನ್ ಆರಿಸಿ ಕೂತೆ,
ಅದರಿಂದ ಏನೂ ಆಗದು ಅಂತ ಗೊತ್ತಿದ್ದೂ.

ಕಚೇರಿಯ ತೌನೊ ಫೋನಿನಲ್ಲಿ,
ಇನ್ನೆರಡು ರಾತ್ರಿ ತಡೆ, ಅಲ್ಲಿವರೆಗೆ ಉಪ್ಪುನೀರು ಚಿಮುಕಿಸು,
ಹೆಪ್ಪುಗಟ್ಟುವುದಿಲ್ಲ, ಧೂಳು ಅಂಟಿಕೊಂಡು ಬಿದ್ದಿರುತ್ತದೆ.
ಚಿಮುಕಿಸಿದೆ. ನಾಯಿಗಳು ಪಾದ ನೆಕ್ಕಿಕೊಂಡವು.
ನಾಯಿಯವರು ನನ್ನ ಗಾಡಿಯ ನಂಬರು ಬರೆದುಕೊಂಡರು.

ಇವತ್ತು ರಾತ್ರಿ ಹನ್ನೊಂದಕ್ಕೆ ಸೊನ್ನೆಯ ಮೇಲೆ ಎರಡು.
ನೀರು ಬಿಟ್ಟೆ.
ಲಾರಿಯ ಹೊಟ್ಟೆಯಲ್ಲಿ ಚಳಿಗಾಲ ಗಡಗಡ ಉರುಳಿತು.
ಕನ್ನಡಿಯಲ್ಲಿ ನೋಡಿದರೆ ಬೀದಿ ತೊಳೆದ ಸ್ಲೇಟು,
ಕಾರು ಎತ್ತದೆ ಹೋದವರ ಜಾಗಗಳು ಬಿಟ್ಟು;
ಅಲ್ಲಿ ಮಾತ್ರ ಆಯತಾಕಾರದ ಒಣ ಮಾರ್ಚ್.

ಅಂಗಳದಲ್ಲಿ ಜರಡಿ ಹಿಡಿಯುತ್ತಾರೆ.
ಮೇಲುಳಿದದ್ದು ಬರುವ ಜನವರಿಗೆ.
ಕೆಳಗೆ ಬಿದ್ದದ್ದು ತೂಗುತ್ತಾರೆ, ಟನ್ನು ಬರೆಯುತ್ತಾರೆ.
ಜರಡಿಯವರೆಗೂ ಬಾರದ್ದನ್ನು
ಯಾರು ತೂಗಬೇಕು, ಯಾವ ತಕ್ಕಡಿಯಲ್ಲಿ?

ಗಾಡಿ ನಿಲ್ಲಿಸಿ ರೊಟ್ಟಿ ಬಿಚ್ಚಿದೆ.
ಎರಡು ಪದರ ಕಾಗದ, ಮೇಲೊಂದು ಡಬ್ಬಿ,
ಆದರೂ ಮೊದಲ ತುತ್ತಿಗೇ ಹಲ್ಲಿನಡಿ ಕರ್ ಅಂದಿತು.
ಗೊತ್ತಿರುವ ಸದ್ದು.
ಔನೆ ಅಜ್ಜಿ
ಹಾಲಿಗೆ ಹೊರಟಿದ್ದಾಳೆ.