ಬಳೆಯ ಮೂಲ

ನದಿಮೂಲ, ಋಷಿಮೂಲ ಕೇಳಬಾರದು ಅಂತಿದ್ದರು ಹಿರಿಯರು.
ಕಬ್ಬಿಣದ ಮೂಲದ ಬಗ್ಗೆ ಏನೂ ಹೇಳಿ ಹೋಗಲಿಲ್ಲ.

ಹನ್ನೊಂದು ಪುಟದ ಫಾರಂ ಬಂದಿದೆ ಬವೇರಿಯಾದಿಂದ
ವಸಂತನರಸಾಪುರದ ನಮ್ಮ ಶೆಡ್ಡಿಗೆ.
ನಾವು ಮಾಡುವುದು ಒಂದು ಉಕ್ಕಿನ ಉಂಗುರ,
ಅಂಗೈಯಗಲ, ಒಳಮೈ ಕನ್ನಡಿ.
ಡ್ರಾಯಿಂಗಿನಲ್ಲಿ ಅದಕ್ಕೊಂದು ಉದ್ದನೆ ನಂಬರು,
ನಮ್ಮ ಬಾಯಲ್ಲಿ ಬರೀ ಬಳೆ.
ಯಾವ ಯಂತ್ರದ ಕತ್ತು ಅದರ ಮೇಲೆ ತಿರುಗುತ್ತದೋ
ಅವರು ಹೇಳಿಲ್ಲ. ನಾವೂ ಕೇಳಿಲ್ಲ.

ಈಗ ಅವರು ಕೇಳುತ್ತಿದ್ದಾರೆ:
ಉಕ್ಕು ಯಾವ ಕುಲುಮೆಯದು, ಕ್ರೋಮಿಯಂ ಯಾವ ಗಣಿಯದು,
ಕೊರೆಯುವ ಬಿಟ್ಟಿನ ಟಂಗ್‌ಸ್ಟನ್ ಪುಡಿ ಎಲ್ಲಿಯದು,
ಗಣಿಯ ಒಡೆಯ ಯಾರು, ಆ ಒಡೆಯನಿಗೆ ಒಡೆಯ ಯಾರು.
ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಂತೆ ಇನ್ನು ಮೇಲೆ,
ಯುದ್ಧ ಹಿತ್ತಿಲ ಬೇಲಿವರೆಗೆ ಬಂದಿದೆಯಂತೆ,
ದೂರದಲ್ಲಿ ಯಾರೋ ಒಂದು ಕೊಳಾಯಿ ತಿರುಗಿಸಿದರೆ
ತಮ್ಮ ಒಲೆ ಆರಬಾರದಂತೆ.
ತಪ್ಪೇನಿಲ್ಲ.
ಆದರೂ ಪೆನ್ನು ಹಿಡಿದಾಗ ನೆನಪಾದದ್ದು
ಶಿರಾ ಗೇಟಿನ ಹತ್ತಿರ ಬಾಡಿಗೆ ಮನೆ ಹುಡುಕಿದ ದಿನ.
‘ಊರು ಯಾವುದಮ್ಮ? ಊರಲ್ಲಿ ಯಾವ ಕಡೆ?’
ಆಗಲೂ ನಿಜವನ್ನೇ ಹೇಳಿದ್ದೆ.
ಮನೆ ಸಿಗಲಿಲ್ಲ.

ಇಷ್ಟರಲ್ಲಿ ಮೆಷೀನೇ ನಿಂತಿತು.
ಜರ್ಮನಿಯದೇ, ಸಾಲದ್ದೇ, ಕೂಸಿಗಿಂತ ಹೆಚ್ಚು ಒರೆಸಿ ಇಟ್ಟದ್ದು.
ಸೈಕ್ಲೋನ್ ಮಳೆಗೆ ತಗಡಿನ ಸಂದಿ ತೊಟ್ಟಿಕ್ಕಿತೆಂದು
ಭಾನುವಾರ ಎರಡಡಿ ಪಕ್ಕಕ್ಕೆ ಸರಿಸಿದ್ದೆವು, ಅಷ್ಟೇ.
ಅದರ ಹೊಟ್ಟೆಯಲ್ಲಿ ಕಾವಲಿಗೊಂದು ಕಣ್ಣಿದೆಯಂತೆ,
ಅಲುಗಿಸಿದರೆ ತಾನೇ ಬೀಗ ಜಡಿದುಕೊಳ್ಳುತ್ತದಂತೆ,
ಬಿಚ್ಚಲು ಹದಿನಾರು ಅಂಕಿ ಬೇಕು. ಆ ಅಂಕಿ
ಅಲ್ಲೊಬ್ಬ ಗುಮಾಸ್ತನ ಹತ್ತಿರವಿದೆ,
ಅವನು ಕ್ರಿಸ್ಮಸ್ ರಜೆಯಲ್ಲಿದ್ದಾನೆ.

ಬವೇರಿಯಾ ನಮ್ಮ ಬಳೆಗೆ ಕಾಯುತ್ತಿತ್ತು,
ನಾವು ಬವೇರಿಯಾದ ಅಂಕಿಗೆ.

ಗಂಗಹನುಮಯ್ಯ ನಕ್ಕರು. ಬೀಗ ಬೀಳುವವರೆಗೂ ವಾಚ್ ಫ್ಯಾಕ್ಟರಿಯಲ್ಲಿದ್ದವರು,
ಇಪ್ಪತ್ತೊಂಬತ್ತು ವರ್ಷ ಗಡಿಯಾರದ ಹಲ್ಲು ಎಣಿಸಿದವರು.
‘ನಾವೂ ಹಿಂಗೇ ಅಂದಿದ್ವಿ ಕಣಮ್ಮ, ನಮ್ ಟೈಮು ನಮ್ದೇ ಆಗ್ಲಿ ಅಂತ.
ಸ್ವಲ್ಪ ದಿನ ಆಗಿತ್ತು ಕೂಡ.’
ಹರಾಜಿನಲ್ಲಿ ತಂದ ಹಳೇ ಲೇತಿನ ಮೇಲಿನ ಗೋಣಿಚೀಲ ಎಳೆದರು,
ಎಣ್ಣೆ ಬಿಟ್ಟರು, ಕಿವಿಗೊಟ್ಟರು.
ಅದು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮೂರು ರಾತ್ರಿ, ನಲವತ್ತು ಬಳೆ. ಒಪ್ಪಿದ್ದು ಒಂಬತ್ತು.
ಮಿಕ್ಕವು ಸೋತದ್ದು ಕೂದಲಿನ ಹತ್ತರಲ್ಲೊಂದು ಪಾಲಿಗೆ.
‘ಒಂಬತ್ತು ಪೂರ್ತಿ ನಮ್ಮವೇ’ ಅಂದರು ಮುದುಕರು,
ಸ್ವಲ್ಪ ತಡೆದು, ‘ಅಳತೆಗೋಲು ಮಾತ್ರ ಜಪಾನಿಂದು.’

ಗುರುವಾರ ಪರದೆಯ ಮೇಲೆ ಬಂದಳು ಅಲ್ಲಿನ ಹುಡುಗಿ,
ಬೆನ್ನ ಹಿಂದಿನ ಕಿಟಕಿಯಲ್ಲಿ ಹಿಮ.
‘ಚೀನಾದ್ದೇನೂ ಇಲ್ಲ ತಾನೆ?’
ನನ್ನ ತಲೆಯ ಮೇಲಿನ ಬಲ್ಬು, ಅವಳ ಕಿವಿಯ ಹೆಡ್‌ಫೋನು,
ನನ್ನ ಕಾಲಿನ ಚಪ್ಪಲಿ ಕೂಡ
ಉಸಿರು ಬಿಗಿಹಿಡಿದಂತೆ ಅನ್ನಿಸಿತು.
‘ಬಳೆಯಲ್ಲಿಲ್ಲ,’ ಅಂದೆ. ‘ಕೊರೆದ ಬಿಟ್ಟಿನಲ್ಲಿದೆ.
ಬರೆದಿದ್ದೇನೆ ನೋಡಿ, ಏಳನೇ ಕಾಲಂ.’
ಅವಳು ಟೈಪ್ ಮಾಡುತ್ತಲೇ ಇದ್ದಳು, ಬಹಳ ಹೊತ್ತು.
ನನಗೂ ಒಂದು ಕೇಳುವುದಿತ್ತು:
ಇದು ಕಾಯುವುದಕ್ಕೋ, ಕೊಲ್ಲುವುದಕ್ಕೋ?
ಹನ್ನೊಂದೂ ಪುಟ ತಿರುವಿದೆ.
ನಾವು ಕೇಳಲೊಂದು ಕಾಲಂ ಇರಲಿಲ್ಲ.

ಅಂಕಿ ಇನ್ನೂ ಬಂದಿಲ್ಲ.
ಹೊರಗೆ ಟೀ ಗಾಡಿಯವನು ಗಂಟೆ ಬಾರಿಸುತ್ತಿದ್ದಾನೆ.
ಗೇಜು ಎತ್ತಿಕೊಳ್ಳುತ್ತೇನೆ:
ಒಂದು ತುದಿ ‘ಹೋಗು’, ಇನ್ನೊಂದು ‘ಹೋಗಬೇಡ’.
ಇದು ಸರಾಗ ಒಳಗಿಳಿಯಬೇಕು,
ಅದು ಹೊಸ್ತಿಲಲ್ಲೇ ನಿಲ್ಲಬೇಕು,
ಎರಡೂ ಆದರೆ ಮಾತ್ರ ಬಳೆ ಪಾಸು.
ಹತ್ತನೆಯದನ್ನು ಬಟ್ಟೆಯಲ್ಲಿ ಒರೆಸಿ
ಬಾಗಿಲ ಬೆಳಕಿಗೆ ಹಿಡಿದಿದ್ದೇನೆ.
ಅದರ ತೂತಿನೊಳಗೆ ಪೂರಾ ಹಿಡಿಸುತ್ತದೆ
ದೇವರಾಯನದುರ್ಗ.