ಉಪ್ಪು ನೋಡದ ಸಾರು

ಹಬ್ಬ ಮುಗಿದು ಮೂರನೇ ದಿನ.
ಮಡಗಾಂವಿನ ಈ ಅಡಿಗಿಮನಿ ಕಿಟಕ್ಯಾಗ
ಕಾಗದದ ನಕ್ಷತ್ರ ಇನ್ನೂ ತೂಗತೈತಿ,
ಒಳಗಿನ ಬಲ್ಬು ಮಾತ್ರ ಹೋಗೈತಿ.
ಫ್ರಿಜ್ಜಿನ್ಯಾಗ, ತಾಟಿನ ಮ್ಯಾಲ ತಾಟು ಬೋರಲ ಹಾಕಿ ಮುಚ್ಚಿಟ್ಟ ಹ್ಯಾಮು.
ದಪ್ಪ ಹೋಳೆಲ್ಲಾ ಬೀಗರ ಪಾಲು.
ಉಳದದ್ದು ಎಲಬು, ಎಲಬಿಗಂಟಿದ ಗುಲಾಬಿ ಚೂರು,
ತೊಗಲಿಗೆ ಚುಚ್ಚಿದ ಒಂಬತ್ತು ಲವಂಗ.
ಎಣಿಸೀನಿ.

ಎಸ್ಪೆರಾನ್ಸ್ ಬಾಯಿಯ ಬಾಯಿ ಕಟ್ಟೈತಿ.
ಒಂಬತ್ತು ದಿನ ನೊವೇನಾ, ಆಮ್ಯಾಲ ನಡುರಾತ್ರಿ ಮಿಸ್ಸಾ,
ಥಂಡ್ಯಾಗ ಕ್ವಾಯರಿನ ಮುಂದ ನಿಂತು
ಎಲ್ಲಾರ ಪಾಲಿನ ಏರುದನಿ ಒಬ್ಬಾಕೀನ ಎಳದ್ಲು.
ಈಗ ಕೊರಳಿಗೆ ಮಫ್ಲರು. ಮೂಗು ಬಂದ್.
ಕೈ ಎರಡೂ ಮಾತಾಡತಾವು:
ಮುಷ್ಟಿ ಮ್ಯಾಲ ಮುಷ್ಟಿ ಇಟ್ಟರ ಎಲಬು,
ಬೆರಳು ಸುತ್ತಿ ಸುತ್ತಿ ಮ್ಯಾಲಕ್ಕೇರಿದರ ಹಬಿ.
ಅಂದರ, ಕಾಲ್ದ್ ಮಾಡು ಗುರವ್ವ.
ಅಕಿ ಕಾಲ್ದ್ ಅನ್ನೂದು ನನ್ನ ಬಾಯಾಗ ಸಾರು.

ನನ್ನ ಕೊರಳಾಗ ಕರಡಿಗಿ ಐತಿ.
ಮೊದಲನೇ ವರ್ಷ ಇಕ್ಕಳದಾಗ ಹಿಡದು, ಮಾರಿ ಆ ಕಡೆ ತಿರುವಿ,
ಹಾವು ಒಗದಂಗ ಬೋಗಾಣಿಗೆ ಒಗದಿದ್ದೆ.
ಬಾಯಿ ಕುರ್ಚಿ ಹಿಡಕೊಂಡು ನಕ್ಕಿದ್ಲು.
ಎರಡನೇ ವರ್ಷ ಹಳೇ ಅರಬಿ ಸುತ್ತಿಕೊಂಡೆ.
ಈಗ ಬರಿಗೈ.
ಕೈ ತೊಳಕೊಂಡರ ಹೋಗತೈತಿ ಅಂತ
ಯಾವ ಸ್ವಾಮಿಗಳೂ ಹೇಳಲಿಲ್ಲ,
ಹನ್ನೊಂದು ವರ್ಷದ ಸಬಕಾರ ಹೇಳಿತು.

ತಣ್ಣೀರಿನ್ಯಾಗ ಎಲಬು. ಸಣ್ಣ ಉರಿ.
ಮೊದಲಿನ ಕುದಿ ಚೆಲ್ಲಬೇಕು.
ಉಪ್ಪು ಅದು ತವರಿಂದಾನ ಕಟ್ಟಿಕೊಂಡು ಬಂದಿರತೈತಿ,
ನಾವು ಮತ್ತ ಉಡಿ ತುಂಬಬಾರದು.
ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೋಸಿನ ಹೊರಗಿನ ಒರಟು ಎಲಿ,
ರಾತ್ರಿ ನೆನಸಿದ ಅಲಸಂದಿ.
ಅಲಸಂದಿಗೆ ಅಕಿನೂ ಅಲಸಂದಿನ ಅಂತಾಳ, ಕೊನಿಗೆ ಒಂದು ರಾಗ ಸೇರಿಸಿ.
ಬಂದ ಹೊಸತರಾಗ ಈ ಮನ್ಯಾಗ
ನನಗ ತಿಳದ ಒಂದ ಒಂದು ಮಾತು ಅದು.
ಡಬ್ಬಿ ಹಿಡಕೊಂಡು ಅತ್ತಿದ್ದೆ.

ತಕರಾರು ಇಷ್ಟ: ಉಪ್ಪು ನೋಡವರು ಯಾರು?
ಅಕಿಗೆ ನಾಲಿಗಿ ಸತ್ತೈತಿ,
ಚಾ ಕೊಟ್ಟರೂ ಒದ್ದಿ ಅರಬಿ ಹಿಂಡಿ ಕುಡದಂಗ ಮಾರಿ ಮಾಡತಾಳ.
ನಾನು ತುಟಿಗೆ ಹಚ್ಚಂಗಿಲ್ಲ.
ಮೂಗಿಲೆ ನೋಡತೇನಿ, ಕಿವಿಲೆ ನೋಡತೇನಿ,
ನೀರಾಗಿದ್ದಾಗ ಗುಳುಗುಳು, ಕಾಳು ಒಡದ ಮ್ಯಾಲ ಲೊಚಲೊಚ.
ಸೌಟಿನ ಬೆನ್ನ ಮ್ಯಾಲ ಒಂದು ಹನಿ ಒಣಗಾಕ ಬಿಡತೇನಿ,
ಬಿಳೇ ಕಲಿ ಉಳದರ ಉಪ್ಪು ಜಾಸ್ತಿ,
ಬಟಾಟಿ ಹಾಕು.
ಇವತ್ತು ಕಲಿ ಐತೋ, ಕಣ್ಣಿನ ಪರದಿನೋ, ತಿಳೀವಲ್ದು.

ಐದಕ್ಕ ಪೊಂಯ್ ಪೊಂಯ್.
ಪಾವಿನ ಸಾಂತಾನ್, ಸೈಕಲ್ಲಿನ ಮ್ಯಾಲ ಬುಟ್ಟಿ, ಬುಟ್ಟಿ ಮ್ಯಾಲ ನೀಲಿ ಪ್ಲಾಸ್ಟಿಕ್ಕು.
ಒಂದು ಕಾಲು ಪೆಡಲಿನ ಮ್ಯಾಲ ಇಟ್ಟುಕೊಂಡ ಚಮಚಾ ಇಸಕೊಂಡ.
ಕಣ್ಣು ಮುಚ್ಚಿದ. ಏನೂ ಹೇಳಲಿಲ್ಲ.
ಇನ್ನೊಂದು ಚಮಚಾ, ಪಕ್ಕಾ ಮಾಡಕೊಳ್ಳಾಕಂತ.
ಮೂರನೇ ಸಲಕ್ಕ ಸೈಕಲ್ ಗ್ವಾಡಿಗೆ ಆನಿಸಿ,
ಬುಟ್ಟಿಯಿಂದ ತಂದ ಒಂದು ಪಾವು ತಗದು,
ಬಟ್ಟಲಾ ತಾ ಅಂದ.
ಉಪ್ಪು? ಅಂದೆ.
ಬರೋಬರ್, ಅಂದ ಬಾಯಿ ತುಂಬಿಕೊಂಡು.

ಬಾಯಿ ಮಂಚದ ಮ್ಯಾಲ ಕುಂತು
ಬಟ್ಟಲಿನ ಮ್ಯಾಲ ಮಾರಿ ಬಗ್ಗಿಸಿ ಹಬಿ ತಗೊಂಡ್ಲು.
ಕನ್ನಡಕ ಮಂಜಾತು, ಒರಸಲಿಲ್ಲ.
ಒಂದು ಗುಟುಕು. ಎರಡು.
ಮೂಗಿನ್ಯಾಗ ಏನೋ ಚಿಲಕ ಸರದಂಗ ಸಪ್ಪಳ.
ಪಾವು ಅದ್ದಿದ್ಲು, ತಳದ ಅಲಸಂದಿ ಬೆರಳಿಲೆ ಬಳದ್ಲು,
ಆಮ್ಯಾಲ ತಲಿ ಎತ್ತಿ,
ಮೂರು ದಿನದ ಮ್ಯಾಲ ಮೊದಲನೇ ಮಾತು,
ತಗಡು ತಿಕ್ಕಿದಂಗ ದನಿ:

"ಮೀಟ್ ಉಣೆಂ."

ಉಪ್ಪು ಕಮ್ಮಿ ಅಂತ!
ಸಾಂತಾನ್ ಆಗಲೇ ಗಲ್ಲಿ ತಿರುವು ದಾಟಿದ್ದ.
ಉಪ್ಪಿನ ಡಬ್ಬಿ ತಂದು ಅಕಿ ಮುಂದ ಕುಕ್ಕಿದೆ,
ನಗು ಬರಾಕತ್ತಿತ್ತು, ಸೆರಗು ಬಾಯಿಗೆ ಒತ್ತಿಕೊಂಡೆ.
ಒಳಗ ಎರಡನೇ ಒಲಿ ಮ್ಯಾಲ
ನನ್ನ ಮೆಣಸಿನ ಸಾರು ಉಕ್ಕಾಕತ್ತಿತ್ತು.